ಮಾರಾಟವಾಗದೆ ಉಳಿದ ಬಟ್ಟೆ ಯಾರ ತಲೆ ಮೇಲೆ?

 

ಇವತ್ತಿನ ಸಂಚಿಕೆ ಒಂದು ಕೆಲಸದ ಬಗ್ಗೆ. ನಮ್ಮೂರಲ್ಲಿ ಬಿ.ಕಾಂ. ಮುಗಿಸಿದೋರ ಮುಂದೆ ಇರೋ ದಾರಿ ಯಾವುದು ಅಂತ ಕೇಳಿದ್ರೆ ಬ್ಯಾಂಕ್ ಪರೀಕ್ಷೆ, ಸಿ.ಎ., ಆಡಿಟರ್ ಆಫೀಸಲ್ಲಿ ಟ್ಯಾಲಿ, ಇಲ್ಲಾ ಬೆಂಗಳೂರು ಅಂತಾರೆ. ಆದ್ರೆ ಗಡಿಯಾರ ಕಂಬದ ಸುತ್ತ, ಮಂಡಿಪೇಟೆ, ಚೌಕಿಪೇಟೆ, ಪಿ.ಬಿ. ರಸ್ತೆಯಲ್ಲಿ ಇಷ್ಟೊಂದು ಬಟ್ಟೆ ಅಂಗಡಿ ಇವೆಯಲ್ಲ, ಅಲ್ಲಿಗೆ ಯಾವ ಬಟ್ಟೆ ಬರಬೇಕು, ಎಷ್ಟು ಬರಬೇಕು, ಯಾವಾಗ ಬರಬೇಕು ಅಂತ ಯಾರೋ ಒಬ್ಬರು ತಿಂಗಳುಗಟ್ಟಲೆ ಮೊದಲೇ ತೀರ್ಮಾನ ಮಾಡಿರ್ತಾರೆ. ಅವರನ್ನ ಬೈಯರ್ ಅಂತಾರೆ, ಮರ್ಚಂಡೈಸರ್ ಅಂತಾರೆ. ಹಳೇ ಅಂಗಡಿಗಳಲ್ಲಿ ಸಾಹುಕಾರ್ರೇ ಆ ಕೆಲಸ ಮಾಡ್ತಾರೆ, "ಖರೀದಿಗೆ ಹೋಗ್ಯಾರೆ" ಅಂತಾರೆ, ಅಷ್ಟೇ.

ಪಾಡ್‌ಕಾಸ್ಟ್ ಶುರು ಮಾಡೋಕೆ ಮುಂಚೆ ನಾನು ಎರಡು ವರ್ಷ ಇಲ್ಲೇ ಒಂದು ಬಟ್ಟೆ ಅಂಗಡಿಯ ಖರೀದಿ ವಿಭಾಗದಲ್ಲಿ ಸಹಾಯಕನಾಗಿದ್ದೆ. ಅಂಗಡಿ ಹೆಸರು ಬೇಡ. ಆ ಎರಡು ವರ್ಷದಲ್ಲಿ ತಲೆಯಲ್ಲಿ ಉಳಿದ ಪ್ರಶ್ನೆ ಒಂದೇ: ಮಾರಾಟವಾಗದೆ ಉಳಿದ ಬಟ್ಟೆ ಯಾರದ್ದು? ಅದರ ನಷ್ಟ ಯಾರ ತಲೆ ಮೇಲೆ ಬರುತ್ತೆ?

ಮೊದಲು ಕೆಲಸ ಏನು ಅಂತ ಹೇಳ್ತೀನಿ. ದೊಡ್ಡ ಕಂಪನಿಗಳಲ್ಲಿ ಇದು ಎರಡು ಭಾಗ. ಬೈಯರ್ ಅಂದ್ರೆ ಮಾಲು ಆರಿಸೋರು. ಡಿಸೈನ್, ಬಟ್ಟೆಯ ಗುಣ, ರೇಟು, ಸಪ್ಲೈಯರ್ ಜೊತೆ ಚೌಕಾಸಿ. ಮರ್ಚಂಡೈಸರ್ ಅಂದ್ರೆ ಲೆಕ್ಕದೋರು. ಎಷ್ಟು ಪೀಸ್, ಯಾವ ಸೈಜು, ಯಾವ ಊರಿನ ಅಂಗಡಿಗೆ ಎಷ್ಟು, ಯಾವ ವಾರ ರಿಯಾಯಿತಿ. ನಮ್ಮಂಥ ಊರಿನ ಅಂಗಡಿಗಳಲ್ಲಿ ಎರಡೂ ಒಬ್ಬರ ತಲೆಯಲ್ಲೇ ನಡೆಯುತ್ತೆ. ಹೊರಗಿನೋರಿಗೆ ಇದು ಫ್ಯಾಷನ್ ಕೆಲಸದ ತರ ಕಾಣುತ್ತೆ. ಒಳಗೆ ಹೋದ್ರೆ ಮುಕ್ಕಾಲು ಪಾಲು ಎಕ್ಸೆಲ್.

ಒಂದು ಸಣ್ಣ ಲೆಕ್ಕ. ಮೊಬೈಲಲ್ಲಿ ಕ್ಯಾಲ್ಕುಲೇಟರ್ ತೆಗೀರಿ. ತೆರಿಗೆ ಸದ್ಯಕ್ಕೆ ಪಕ್ಕಕ್ಕಿಡೋಣ. ನೀವು 100 ಕುರ್ತಿ ತಂದ್ರಿ, ಒಂದಕ್ಕೆ 300 ರೂಪಾಯಿ. ಬಂಡವಾಳ 30,000. ಮಾರೋ ಬೆಲೆ 500. ಎಲ್ಲಾ ಮಾರಿದ್ರೆ 50,000 ಬರುತ್ತೆ, 20,000 ಉಳೀತು ಅಂತ ಖುಷಿ. ಆದ್ರೆ ಎಲ್ಲಾ ಮಾರಲ್ಲ. 60 ಪೀಸ್ ಪೂರ್ತಿ ಬೆಲೆಗೆ ಹೋದವು ಅಂದ್ಕೊಳ್ಳಿ. ಎಷ್ಟು ಬಂತು? 30,000. ಅಂದ್ರೆ 60 ಕುರ್ತಿ ಮಾರಿದ ಮೇಲೆ ನಿಮ್ಮ ಅಸಲು ಮಾತ್ರ ಕೈಗೆ ಬಂದಿದೆ. ಲಾಭ ಶುರುವಾಗೋದು 61ನೇ ಪೀಸಿಂದ.

ಉಳಿದ 40ರಲ್ಲಿ 25 ಪೀಸನ್ನ ಆಷಾಢ ಸೇಲಲ್ಲಿ ಶೇ. 40 ರಿಯಾಯಿತಿ ಕೊಟ್ಟು 300ಕ್ಕೆ ಮಾರಿದ್ರಿ. 7,500 ಬಂತು. ಕೊನೆಗೆ 15 ಉಳಿದವು, ಯಾರೂ ಮುಟ್ಟಲಿಲ್ಲ. 20,000 ಲಾಭ ಅಂದ್ಕೊಂಡಿದ್ದು 7,500ಕ್ಕೆ ಬಂದು ನಿಂತಿತು. ಅದರಲ್ಲೇ ಬಾಡಿಗೆ, ಕರೆಂಟು, ಹುಡುಗರ ಸಂಬಳ. ನೂರರಲ್ಲಿ ಹದಿನೈದೇ ಉಳಿದಿದ್ದು, ಮೇಲುನೋಟಕ್ಕೆ ಏನೂ ಅಲ್ಲ. ಆದ್ರೆ ಅವು ಉಳಿದಿದ್ದು ಲಾಭದ ಜಾಗದಲ್ಲಿ. ವ್ಯಾಪಾರಸ್ಥರು ಲಾಭ ಇರೋದು ಮಾರಾಟದಲ್ಲಲ್ಲ, ಖರೀದಿಯಲ್ಲಿ ಅನ್ನೋದು ಇದಕ್ಕೇ.

ಅದಕ್ಕೇ ಈ ಕೆಲಸದಲ್ಲಿ ಮೊದಲು ಕಲಿಯಬೇಕಾದ್ದು "ಓಪನ್ ಟು ಬೈ" ಅನ್ನೋ ಲೆಕ್ಕ. ಈ ತಿಂಗಳು ಹೊಸದಾಗಿ ಎಷ್ಟು ರೂಪಾಯಿ ಮಾಲು ತರೋಕೆ ಜಾಗ ಇದೆ ಅಂತ ಅರ್ಥ. ತಿಂಗಳ ಮಾರಾಟದ ಅಂದಾಜು 20 ಲಕ್ಷ, ತಿಂಗಳ ಕೊನೆಗೆ ಅಂಗಡಿಯಲ್ಲಿ ಇರಬೇಕಾದ ಸ್ಟಾಕ್ 45 ಲಕ್ಷ. ಕೂಡಿದ್ರೆ 65. ಈಗಾಗಲೇ ಕೈಯಲ್ಲಿರೋದು 50 ಲಕ್ಷ, ಆರ್ಡರ್ ಕೊಟ್ಟು ದಾರಿಯಲ್ಲಿರೋದು 6 ಲಕ್ಷ. ಕಳೆದ್ರೆ ಉಳಿಯೋದು 9 ಲಕ್ಷ. ಸೂರತ್‌ನಲ್ಲಿ ಎಂಥಾ ಸೀರೆ ಕಂಡ್ರೂ, ಎಷ್ಟೇ ಅಗ್ಗ ಅಂದ್ರೂ, 9 ಲಕ್ಷ ದಾಟಿದ್ರೆ ಕೈ ಕಟ್ಟಿಕೊಂಡು ವಾಪಸ್ ಬರಬೇಕು. ಹೇಳೋಕೆ ಸುಲಭ. ಮಾರ್ಕೆಟ್ಟಲ್ಲಿ ನಿಂತಾಗ ಬಹಳ ಕಷ್ಟ.

ಈಗ ನಮ್ಮೂರಿಗೆ ಬರೋಣ. ಮುಂಬೈ ಅಥವಾ ಬೆಂಗಳೂರಲ್ಲಿ ಕೂತು ನೂರಾರು ಅಂಗಡಿಗೆ ಮಾಲು ಹಂಚೋ ಮರ್ಚಂಡೈಸರ್‌ಗೆ ದಾವಣಗೆರೆ ಅಂದ್ರೆ ಒಂದು ಸ್ಟೋರ್ ಕೋಡ್, ಹರಿಹರ ಇನ್ನೊಂದು. ನಕ್ಷೆಯಲ್ಲಿ ಇಬ್ಬರ ನಡುವೆ 14 ಕಿಲೋಮೀಟರ್. ಒಂದೇ ತರದ ಗಿರಾಕಿ ಅಂತ ಒಂದೇ ತರದ ಮಾಲು ಕಳಿಸಿಬಿಡಬಹುದು. ನಾನು ಕಂಡಿದ್ದು ಹಾಗಿಲ್ಲ.

ದಾವಣಗೆರೆ ಮದುವೆ ಜವಳಿಯ ಊರು. ಸುತ್ತಲಿನ ಹಳ್ಳಿಗಳಿಂದ ಒಂದು ಮನೆಯ ಹತ್ತು ಹದಿನೈದು ಜನ ಟೆಂಪೋ ಮಾಡ್ಕೊಂಡು ಬಂದು, ಒಂದೇ ದಿನದಲ್ಲಿ ಎಲ್ಲಾ ಖರೀದಿ ಮುಗಿಸಿ, ಬೆಣ್ಣೆ ದೋಸೆ ತಿಂದು ಹೋಗ್ತಾರೆ. ಜೊತೆಗೆ ಮೆಡಿಕಲ್, ಎಂಜಿನಿಯರಿಂಗ್ ಓದೋಕೆ ಬಂದ ಬೇರೆ ಬೇರೆ ಊರಿನ ಹುಡುಗರಿದ್ದಾರೆ, ಅವರ ರುಚಿ ಬೇರೆ. ಹರಿಹರದಲ್ಲಿ ನಾನು ನೋಡಿದ ಗಿರಾಕಿ ದಿನಬಳಕೆಗೆ ಬರೋರು. ಮನೆಗೆ ಹಾಕೋ ನೈಟಿ, ಡ್ಯೂಟಿಗೆ ಹಾಕೋ ಪ್ಯಾಂಟು, ಮಕ್ಕಳ ಬಟ್ಟೆ. ಮದುವೆ ಅಂದ್ರೆ ಅವರೂ ದಾವಣಗೆರೆ ಬಸ್ ಹತ್ತುತ್ತಾರೆ. ಹರಿಹರದ ಅಂಗಡಿಗೆ ಹತ್ತು ಸಾವಿರದ ರೇಷ್ಮೆ ಸೀರೆ ತುಂಬಿಸಿದ್ರೆ ಅವು ಶೋಕೇಸಿನ ಗೊಂಬೆ ಮೇಲೇ ಬಣ್ಣ ಕಳ್ಕೊಳ್ತವೆ.

ಇನ್ನು ಕ್ಯಾಲೆಂಡರ್. ದೊಡ್ಡ ಕಂಪನಿಯ ಶೀಟಲ್ಲಿ ದೀಪಾವಳಿ ಇರುತ್ತೆ, ಹೊಸ ವರ್ಷ ಇರುತ್ತೆ. ದುಗ್ಗಮ್ಮನ ಜಾತ್ರೆ ಇರುತ್ತಾ? ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ. ಆ ವರ್ಷ ಊರಲ್ಲಿ ಮನೆಮನೆಗೆ ನೆಂಟರು, ಮನೆಮನೆಗೆ ಹೊಸ ಬಟ್ಟೆ. ಕಂಪ್ಯೂಟರ್ ಏನು ಮಾಡುತ್ತೆ ಅಂದ್ರೆ ಹೋದ ವರ್ಷದ ಮಾರಾಟ ನೋಡಿ ಈ ವರ್ಷಕ್ಕೆ ಆರ್ಡರ್ ಹಾಕುತ್ತೆ. ಜಾತ್ರೆ ಇಲ್ಲದ ವರ್ಷದ ಲೆಕ್ಕ ಹಿಡಿದು ಜಾತ್ರೆ ವರ್ಷಕ್ಕೆ ಮಾಲು ತರಿಸಿದ್ರೆ ಖಾಲಿ ರ‍್ಯಾಕ್. ಮುಂದಿನ ವರ್ಷ ಇದಕ್ಕೆ ಉಲ್ಟಾ, ಗೋಡೌನ್ ಪೂರ್ತಿ ಉಳಿದ ಮಾಲು. ನಾಗರ ಪಂಚಮಿಗೆ ತವರಿಗೆ ಬರೋ ಹೆಣ್ಣುಮಕ್ಕಳಿಗೆ ಸೀರೆ ಕೊಡಬೇಕು ಅನ್ನೋದನ್ನ ಯಾವ ಸಾಫ್ಟ್‌ವೇರೂ ತಾನಾಗಿ ಹೇಳಲ್ಲ.

ಎಲ್ಲಕ್ಕಿಂತ ಮುಖ್ಯವಾದ್ದು ಭದ್ರಾ ಡ್ಯಾಂ. ಹೌದು, ಬಟ್ಟೆ ಅಂಗಡಿಯೋರು ಡ್ಯಾಂ ಮಟ್ಟ ನೋಡ್ತಾರೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಚೆನ್ನಾಗಿ ತುಂಬಿದ್ರೆ ಬೇಸಿಗೆ ಬೆಳೆಗೂ ಕಾಲುವೆಗೆ ನೀರು ಬರುತ್ತೆ, ದಾವಣಗೆರೆ, ಹರಿಹರ ಭಾಗದಲ್ಲಿ ಎರಡನೇ ಭತ್ತ ಆಗುತ್ತೆ, ಬೇಸಿಗೆ ಮದುವೆಗಳಲ್ಲಿ ಜನ ಕೈ ಬಿಚ್ಚಿ ಖರ್ಚು ಮಾಡ್ತಾರೆ. ನೀರು ಬರಲಿಲ್ಲ ಅಂದ್ರೆ ಮದುವೆ ನಿಲ್ಲಲ್ಲ, ಆದ್ರೆ ಎಂಟು ಸಾವಿರದ ಸೀರೆ ಜಾಗದಲ್ಲಿ ಮೂರು ಸಾವಿರದ ಸೀರೆ ಹೋಗುತ್ತೆ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನ ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಬೇಸಿಗೆ ಮದುವೆ ಮಾಲಿನ ಆರ್ಡರ್ ಕೊಡೋದು ಅದಕ್ಕೆ ತಿಂಗಳುಗಳ ಮೊದಲು. ಹಾಗಾಗಿ ಇಲ್ಲಿನ ಬೈಯರ್‌ಗೆ ಮಳೆ ವರದಿ, ಮೆಕ್ಕೆಜೋಳದ ರೇಟು, ಚನ್ನಗಿರಿ ಕಡೆಯ ಅಡಿಕೆ ರೇಟು, ಇವೆಲ್ಲ ಕೆಲಸದ ಭಾಗ. ಇದು ಎಂಬಿಎ ಪುಸ್ತಕದಲ್ಲಿ ಇಲ್ಲ. ನಿಮ್ಮ ಮನೆಯಲ್ಲಿ ಊಟದ ಹೊತ್ತಲ್ಲಿ ನಡೆಯೋ ಮಾತಲ್ಲಿ ಇದೆ.

ತೆರಿಗೆ ಪಕ್ಕಕ್ಕಿಡೋಣ ಅಂದಿದ್ದೆ, ಈಗ ತರೋಣ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿನ ಜಿಎಸ್‌ಟಿ ಬದಲಾಯ್ತು. ಮೊದಲು ಪೀಸಿಗೆ 1,000 ರೂಪಾಯಿವರೆಗೆ ಶೇ. 5, ಅದರ ಮೇಲೆ ಶೇ. 12 ಇತ್ತು. ಈಗ 2,500ರವರೆಗೆ ಶೇ. 5, ದಾಟಿದ್ರೆ ಶೇ. 18. 2,500 ರೂಪಾಯಿಯ ಒಂದು ಲೆಹಂಗಾ ಬಿಲ್ಲಲ್ಲಿ 2,625 ಆಗುತ್ತೆ. ಅದೇ ಲೆಹಂಗಾ 2,600 ಅಂತ ಇಟ್ರೆ ಬಿಲ್ಲು 3,068. ಅಂಗಡಿಗೆ ಸಿಗೋದು 100 ರೂಪಾಯಿ ಜಾಸ್ತಿ, ಗಿರಾಕಿ ಜೇಬಿಂದ ಹೋಗೋದು 443 ಜಾಸ್ತಿ. ಹಾಗಾಗಿ ಬೈಯರ್ ಸಪ್ಲೈಯರ್ ಮುಂದೆ ಕೂತಾಗಲೇ ಈ ಪೀಸ್ 2,500ರ ಒಳಗೆ ಮಾರೋಕೆ ಆಗುತ್ತಾ ಅಂತ ಹಿಂದಿನಿಂದ ಲೆಕ್ಕ ಹಾಕ್ಕೊಂಡು ಬರಬೇಕು. ಸೀರೆ ಇದರಲ್ಲಿ ಬರಲ್ಲ, ಅದು ಬಟ್ಟೆ ಅಂತ ಲೆಕ್ಕ, ಎಷ್ಟೇ ಬೆಲೆ ಇದ್ರೂ ಶೇ. 5.

ಸರಿ, ಈ ಮಾಲೆಲ್ಲಾ ಎಲ್ಲಿಂದ ಬರುತ್ತೆ? ಸೀರೆ, ಸಿಂಥೆಟಿಕ್ ಬಟ್ಟೆ ಸೂರತ್‌ನಿಂದ. ಬನಿಯನ್, ಟೀ ಶರ್ಟ್ ತಿರುಪ್ಪೂರಿಂದ. ಜೀನ್ಸ್ ಪಕ್ಕದ ಬಳ್ಳಾರಿಯಿಂದ. ಇಳಕಲ್ ಸೀರೆ, ಮೊಳಕಾಲ್ಮೂರು ರೇಷ್ಮೆ ನಮ್ಮದೇ ಸುತ್ತಮುತ್ತಲಿನವು. ಉಳಿದಿದ್ದಕ್ಕೆ ಬೆಂಗಳೂರಿನ ಚಿಕ್ಕಪೇಟೆ.

ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಊರಿಗೆ ಬಟ್ಟೆ ಹೊರಗಿಂದ ಬರುತ್ತೆ! ಡಿಸಿಎಂ ಟೌನ್‌ಶಿಪ್ ಅಂತ ಆಟೋದವರಿಗೆ ಹೇಳ್ತೀವಲ್ಲ, ಆ ಡಿಸಿಎಂ ಉಪಮುಖ್ಯಮಂತ್ರಿ ಅಲ್ಲ, ದಾವಣಗೆರೆ ಕಾಟನ್ ಮಿಲ್. ಒಂದು ಕಾಲಕ್ಕೆ ಮಿಲ್ ಸೈರನ್ ಕೇಳಿ ಊರಲ್ಲಿ ಗಡಿಯಾರ ಸರಿಮಾಡ್ಕೊಳ್ತಿದ್ರು ಅಂತ ಹಿರಿಯರು ಹೇಳ್ತಾರೆ. ಮಿಲ್ಲುಗಳು ಹೋದವು, ಹೆಸರು ಬಡಾವಣೆಗೆ ಉಳೀತು. ಹರಿಹರದಲ್ಲೂ ಅದೇ ಕಥೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಲೇತ್ ಯಂತ್ರಕ್ಕೆ ಹೆಸರಾಗಿತ್ತು, ಅದೂ ಮುಚ್ಚಿತು.

ಆದ್ರೆ ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿ ಆಚೆ ದಡಕ್ಕೆ ಹೋದ್ರೆ ಕುಮಾರಪಟ್ಟಣ. ಜಿಲ್ಲೆ ಹಾವೇರಿ, ಆದ್ರೆ ಜನ ಹರಿಹರ ಅಂತಲೇ ಹೇಳೋದು. ಅಲ್ಲಿ ಗ್ರಾಸಿಮ್ ಕಂಪನಿಯ ಕಾರ್ಖಾನೆಗಳಿವೆ. ಮರದಿಂದ ತಿರುಳು ಮಾಡಿ, ತಿರುಳಿಂದ ವಿಸ್ಕೋಸ್ ನಾರು ಮಾಡ್ತಾರೆ. ನಿಮ್ಮ ಕುರ್ತಿ ಲೇಬಲ್ಲಿನಲ್ಲಿ ರೇಯಾನ್ ಅಥವಾ ವಿಸ್ಕೋಸ್ ಅಂತ ಇರುತ್ತಲ್ಲ, ಅದು ಇಂಥ ನಾರಿಂದ ಆಗಿದ್ದು. ಇಲ್ಲಿ ನಾರು ಆಗುತ್ತೆ, ನೂಲು ಇನ್ನೆಲ್ಲೋ, ನೇಯ್ಗೆ ಮತ್ತೆಲ್ಲೋ, ಬಣ್ಣ, ಹೊಲಿಗೆ ಇನ್ನೊಂದೂರಲ್ಲಿ. ಆಮೇಲೆ ಅದು ಕುರ್ತಿಯಾಗಿ ಹರಿಹರದ ಅಂಗಡಿಗೂ ಬರಬಹುದು. ಈ ಉದ್ದದ ಸರಪಳಿಯಲ್ಲಿ ಗಿರಾಕಿಗೆ ಹತ್ತಿರ ಇರೋದು ಬೈಯರ್. ಅವರು ಬೇಡ ಅಂದ್ರೆ ಆ ಬೇಡ ಅನ್ನೋ ಮಾತು ಹಿಂದಕ್ಕೆ, ಹೊಲಿಯೋರ ತನಕ ಹೋಗುತ್ತೆ.

ಈಗ ಮೊದಲಿನ ಪ್ರಶ್ನೆಗೆ ವಾಪಸ್ ಬರ್ತೀನಿ. ಆ 15 ಕುರ್ತಿ ಏನಾಗ್ತವೆ? ಅಂಗಡಿ ಇಟ್ಕೊಂಡ್ರೆ ಅಂಗಡಿಗೆ ನಷ್ಟ. ಆದ್ರೆ ಇನ್ನೊಂದು ದಾರಿ ಇದೆ, ವಾಪಸ್ ಕಳಿಸೋದು. ಕೆಲವು ಕಡೆ ಶುರುವಲ್ಲೇ ಒಪ್ಪಂದ ಆಗಿರುತ್ತೆ, ಮಾರಿದಷ್ಟಕ್ಕೆ ದುಡ್ಡು, ಉಳಿದಿದ್ದು ವಾಪಸ್. ಅದು ನ್ಯಾಯ, ಯಾಕಂದ್ರೆ ಸಪ್ಲೈಯರ್ ಆ ರಿಸ್ಕನ್ನ ರೇಟಲ್ಲಿ ಸೇರಿಸಿರ್ತಾರೆ. ತೊಂದರೆ ಇರೋದು ಒಪ್ಪಂದ ಇಲ್ಲದೆ ವಾಪಸ್ ಕಳಿಸೋದ್ರಲ್ಲಿ.

ನಾನಿದ್ದ ಅಂಗಡಿಯಲ್ಲಿ ಒಂದು ದೀಪಾವಳಿ ಆದ್ಮೇಲೆ ಇದು ಆಯ್ತು. ಒಂದು ಸಣ್ಣ ಹೊಲಿಗೆ ಘಟಕದಿಂದ ಹುಡುಗರ ಜೀನ್ಸ್ ಬಂದಿತ್ತು. ಹತ್ತಿಪ್ಪತ್ತು ಮಿಷಿನ್ ಇಟ್ಟುಕೊಂಡ ಘಟಕ. ಖಡಾಖಂಡಿತ ಖರೀದಿ, ವಾಪಸ್ ಮಾತೇ ಆಗಿರಲಿಲ್ಲ. ಮಾಲಲ್ಲಿ ದೋಷ ಏನೂ ಇರಲಿಲ್ಲ. ನಡುವಿನ ಸೈಜುಗಳು ಮಾರಿ ಹೋಗಿ, ತೀರಾ ಚಿಕ್ಕವು, ತೀರಾ ದೊಡ್ಡವು ಉಳಿದಿದ್ದವು, ಅಷ್ಟೇ. ಮೇಲಿನಿಂದ ಆರ್ಡರ್ ಬಂತು: ಹೊಲಿಗೆ ಸರಿಯಿಲ್ಲ ಅಂತ ಬರೆದು ವಾಪಸ್ ಕಳಿಸಿ, ಹಳೇ ಬಿಲ್ಲಲ್ಲಿ ಕಳೀರಿ. ಘಟಕದ ಯಜಮಾನ ಬಂದು ಕೌಂಟರ್ ಹತ್ತಿರ ಅರ್ಧ ದಿನ ಕೂತಿದ್ರು. ಜಗಳ ಮಾಡಲಿಲ್ಲ. ಮಾಡಿದ್ರೆ ಮುಂದಿನ ಆರ್ಡರ್ ಹೋಗುತ್ತೆ ಅಂತ ಅವರಿಗೆ ಗೊತ್ತಿತ್ತು. ಆ ಪ್ಯಾಂಟುಗಳಿಗೆ ಅವರು ಬಟ್ಟೆ ದುಡ್ಡು ಕೊಟ್ಟಾಗಿತ್ತು, ಹೊಲಿದೋರಿಗೆ ಕೂಲಿ ಕೊಟ್ಟಾಗಿತ್ತು. ವಾಪಸ್ ಬಂದ ಒಡೆದ ಸೈಜುಗಳನ್ನ ಬೇರೆ ಯಾರು ತಗೊಳ್ತಾರೆ? ನಮ್ಮ ಶೀಟಲ್ಲಿ ಡೆಡ್ ಸ್ಟಾಕ್ ಕಡಿಮೆ ಆಯ್ತು. ನಷ್ಟ ಎಲ್ಲೂ ಹೋಗಲಿಲ್ಲ, ಇನ್ನೊಬ್ಬರ ಮನೆಗೆ ಹೋಯ್ತು.

ಇದಕ್ಕೆ ಕಾನೂನಿದೆ, ಮತ್ತು ನಮ್ಮ ಬಿ.ಕಾಂ.ನವರಿಗೆ ಇದು ಬಾಯಿಪಾಠ ಆಗಿರಬೇಕು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದಿಂದ ಮಾಲು ತಗೊಂಡ್ರೆ, ಲಿಖಿತ ಒಪ್ಪಂದ ಇದ್ರೆ ಅದರಲ್ಲಿರೋ ದಿನಕ್ಕೆ, ಆದ್ರೆ ಗರಿಷ್ಠ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ರೆ 15 ದಿನ. ಮಾಲಿನ ಬಗ್ಗೆ ತಕರಾರು ಇದ್ರೆ ಅದನ್ನೂ ಬರವಣಿಗೆಯಲ್ಲಿ, 15 ದಿನದೊಳಗೇ ಹೇಳಬೇಕು. ತಡ ಮಾಡಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸಪ್ಲೈಯರ್ ಉದ್ಯಮ್ ನೋಂದಣಿ ಮಾಡಿಸಿರಬೇಕು, ಅದು ಮುಖ್ಯ.

ಕಾಗದದ ಮೇಲೆ ಇದೆಲ್ಲ ವರ್ಷಗಳಿಂದ ಇತ್ತು. ಬಿಸಿ ಮುಟ್ಟಿದ್ದು 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾನೂನಿಗೆ 43ಬಿ(ಎಚ್) ಅನ್ನೋ ಕಲಂ ಸೇರಿಸಿದ ಮೇಲೆ. ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಆ ಅವಧಿ ಮೀರಿ ಬಾಕಿ ಉಳಿಸಿಕೊಂಡ್ರೆ, ಆ ಖರೀದಿಯನ್ನ ಆ ವರ್ಷದ ಖರ್ಚು ಅಂತ ತೋರಿಸೋಕೆ ಆಗಲ್ಲ, ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. ಅಂದ್ರೆ ಬಾಕಿ ಇಟ್ಕೊಂಡ್ರೆ ತೆರಿಗೆ ಜಾಸ್ತಿ. 2024ರ ಶುರುವಲ್ಲಿ ಸೂರತ್‌ನಂಥ ಜವಳಿ ಮಾರುಕಟ್ಟೆಗಳಲ್ಲಿ ಇದರ ಬಗ್ಗೆ ದೊಡ್ಡ ಗಲಾಟೆ ಆಯ್ತು, ಯಾಕಂದ್ರೆ ಅಲ್ಲಿನ ವ್ಯಾಪಾರ ನಡೆಯೋದೇ ತಿಂಗಳುಗಟ್ಟಲೆ ಉದ್ರಿಯಲ್ಲಿ. ಇದರಲ್ಲೊಂದು ಸೂಕ್ಷ್ಮ ಇದೆ. ಈ ರಕ್ಷಣೆ ಇರೋದು ತಯಾರಕರಿಗೆ, ಸೇವೆ ಕೊಡೋರಿಗೆ. ಮಧ್ಯವರ್ತಿ ಟ್ರೇಡರ್‌ಗೆ ಇಲ್ಲ. ಹಾಗಾಗಿ ಕೆಲವು ಖರೀದಿದಾರರು ನೇರ ಘಟಕದಿಂದ ತಗೊಳ್ಳೋದು ಬಿಟ್ಟು ಟ್ರೇಡರ್ ಕಡೆ ಹೋಗಬಹುದು ಅನ್ನೋ ಭಯ ಸಣ್ಣ ಘಟಕದವರಿಗೆ ಇದ್ದೇ ಇದೆ.

ಇದು ದಾವಣಗೆರೆಯ ರೋಗ ಮಾತ್ರ ಅಂದ್ಕೋಬೇಡಿ. ಬ್ರಿಟನ್ನಿನ ಬರ್ಬೆರಿ ಅನ್ನೋ ದುಬಾರಿ ಬ್ರ್ಯಾಂಡು ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಮೌಲ್ಯದ ಮಾರಾಟವಾಗದ ಮಾಲನ್ನ ನಾಶ ಮಾಡಿದ್ದು 2018ರಲ್ಲಿ ಹೊರಬಂತು. ಜನ ಬೈದ್ರು, ಅದೇ ವರ್ಷ ಆ ಪದ್ಧತಿ ನಿಲ್ಲಿಸ್ತೀವಿ ಅಂತ ಕಂಪನಿ ಹೇಳಿತು. ಫ್ರಾನ್ಸ್ 2020ರಲ್ಲಿ ಮಾರಾಟವಾಗದ ಬಟ್ಟೆಯಂಥ ಸರಕನ್ನ ನಾಶ ಮಾಡಬಾರದು ಅಂತ ಕಾನೂನೇ ತಂತು. ನಮ್ಮಲ್ಲಿ ಯಾರೂ ಸುಡಲ್ಲ, ನಿಜ. ನಮ್ಮಲ್ಲಿ ಅದನ್ನ ಸಣ್ಣೋರ ಮನೆಗೆ ಕಳಿಸ್ತಾರೆ.

ಹಾಗಾದ್ರೆ ಒಳ್ಳೇ ಬೈಯರ್ ಏನು ಮಾಡ್ತಾರೆ? ನಾನು ಕಂಡ ಒಳ್ಳೆಯೋರು ಮೂರು ಕೆಲಸ ಮಾಡ್ತಿದ್ರು. ಒಂದು, ಮೊದಲ ಆರ್ಡರ್ ಸಣ್ಣದು. 100 ಬೇಕು ಅನ್ನಿಸಿದ್ರೆ 40 ತಂದು, ಎರಡು ವಾರ ನೋಡಿ, ಓಡಿದ ಬಣ್ಣ, ಓಡಿದ ಸೈಜು ಮಾತ್ರ ಮತ್ತೆ ತರಿಸೋದು. ಇದಕ್ಕೆ ಹತ್ತಿರದ ಸಪ್ಲೈಯರ್ ಬೇಕು. ಸೂರತ್‌ನಿಂದ ಎರಡನೇ ಲಾಟ್ ಬರೋ ಹೊತ್ತಿಗೆ ಹಬ್ಬ ಮುಗಿದಿರುತ್ತೆ, ಬಳ್ಳಾರಿಯಿಂದಾದ್ರೆ ಬೇಗ ಬರುತ್ತೆ. ಪೀಸಿಗೆ ಹತ್ತು ಇಪ್ಪತ್ತು ರೂಪಾಯಿ ಜಾಸ್ತಿ ಕೊಟ್ರೂ, ಆ 15 ಪೀಸ್ ಉಳಿಯಲ್ಲ ಅಂದ್ರೆ ಲಾಭವೇ. ಎರಡು, ಸೈಜ್ ಸೆಟ್ ಕುರುಡಾಗಿ ತಗೊಳ್ಳಲ್ಲ, ನಮ್ಮೂರ ಮಾರಾಟ ನೋಡಿ ಸೆಟ್ ಒಡೆಸಿ ತರಿಸ್ತಾರೆ. ಮೂರು, ವಾಪಸ್ ಇದೆಯೋ ಇಲ್ಲವೋ, ದುಡ್ಡು ಎಷ್ಟು ದಿನಕ್ಕೆ, ಎರಡನ್ನೂ ಆರ್ಡರ್ ಕಾಗದದಲ್ಲಿ ಬರೀತಾರೆ. ಹೊತ್ತಿಗೆ ದುಡ್ಡು ಕೊಡೋರಿಗೆ ಹಬ್ಬದ ವಾರದಲ್ಲಿ ಮೊದಲು ಮಾಲು ಸಿಗುತ್ತೆ. ಇದು ಒಳ್ಳೆತನದ ಮಾತಲ್ಲ, ವ್ಯಾಪಾರದ ಮಾತು.

ಈ ಕೆಲಸಕ್ಕೆ ಬರಬೇಕು ಅನ್ನೋರಿಗೆ ಒಂದೆರಡು ಮಾತು. ಡಿಗ್ರಿ ಬಿ.ಕಾಂ. ಸಾಕು. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಚೆನ್ನಾಗಿ ಕಲೀರಿ. ಶನಿವಾರ ಸಂಜೆ, ಭಾನುವಾರ ಯಾವುದಾದ್ರೂ ಅಂಗಡಿಯ ಸೇಲ್ಸಲ್ಲಿ ಆರು ತಿಂಗಳು ನಿಲ್ಲಿ. ಗಿರಾಕಿ ಏನು ತಗೊಂಡ್ರು ಅನ್ನೋದು ಕಂಪ್ಯೂಟರಲ್ಲಿ ಇರುತ್ತೆ. ಏನು ಕೇಳಿ, ಸಿಗದೆ ವಾಪಸ್ ಹೋದ್ರು ಅನ್ನೋದು ಅಲ್ಲಿ ನಿಂತೋರಿಗೆ ಮಾತ್ರ ಗೊತ್ತು. ಅದನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಸಂದರ್ಶನಕ್ಕೆ ಹೋದಾಗ ಆ ನೋಟ್‌ಬುಕ್ ನಿಮ್ಮ ಮಾರ್ಕ್ಸ್ ಕಾರ್ಡಿಗಿಂತ ಚೆನ್ನಾಗಿ ಮಾತಾಡುತ್ತೆ. ಕೆಲಸ ಸಿಕ್ಕ ಮೇಲೆ, ಒಂದಲ್ಲ ಒಂದು ದಿನ ನಿಮ್ಮ ಮುಂದೂ ಒಂದು ವಾಪಸಾತಿ ಚೀಟಿ ಬರುತ್ತೆ, ಕಾರಣದ ಜಾಗ ಖಾಲಿ ಇರುತ್ತೆ. ಅಲ್ಲಿ ಏನು ಬರೀತೀರಿ ಅನ್ನೋದನ್ನ ಈಗಲೇ ಯೋಚನೆ ಮಾಡಿಡಿ.

ಹೊಲಿಗೆ ಘಟಕ ನಡೆಸೋರು, ಅಂಗಡಿಯಲ್ಲಿ ಖರೀದಿ ನೋಡೋರು ಯಾರಾದ್ರೂ ಕೇಳ್ತಿದ್ರೆ ನಿಮ್ಮ ಅನುಭವವನ್ನ ಒಂದು ವಾಯ್ಸ್ ನೋಟಲ್ಲಿ ಕಳಿಸಿ, ಹೆಸರು ಹೇಳಲ್ಲ. ಮುಂದಿನ ವಾರ ಮಂಡಕ್ಕಿ ಭಟ್ಟಿಗಳ ಲೆಕ್ಕಾಚಾರದ ಬಗ್ಗೆ ಮಾತಾಡೋಣ. ಅಲ್ಲಿವರೆಗೂ, ನಮಸ್ಕಾರ.